ಭಟ್ಟಿಯ ಅತ್ತೆಮನೆ ಮೂಲೆ

ಬೀದಿಯವರು ಅವಳನ್ನು ಮಣ್ಣಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ‘ಮೇಡಂ’. ಎರಡರಲ್ಲಿ ಮಣ್ಣಕ್ಕನೇ ವಾಸಿ ಎಂದು ಅವಳ ಅಭಿಪ್ರಾಯ, ಏಕೆಂದರೆ ಮೇಡಂ ಎಂದವರು ಮರುಮಾತಿಗೇ “ಇನ್ನೂ ಅದನ್ನೇ ಮಾಡ್ಕೊಂಡಿದ್ದೀರಾ?” ಎಂದು ಕೇಳುತ್ತಿದ್ದರು. ನಾವು ಅವಳನ್ನು ಅಕ್ಕ ಎಂದೇ ಕರೆಯೋಣ. ಅವಳದೊಂದು ಕಥೆಯಾದದ್ದೇ ಅವಳಿಗೊಬ್ಬಳು ತಂಗಿ ಇದ್ದದ್ದರಿಂದ.

ಅಕ್ಕ ಮಣ್ಣಿನ ಕೆಲಸದವಳು. ತಿಗರಿಯ ಮೇಲೆ ಬಟ್ಟಲು, ಲೋಟ, ಹೂಜಿ ಎತ್ತಿ, ಗ್ಲೇಜು ಹಚ್ಚಿ, ಗ್ಯಾಸಿನ ಭಟ್ಟಿಯಲ್ಲಿ ಸುಟ್ಟು ಮಾರುವವಳು. ಮೊದಲು ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಮಕ್ಕಳ ಕೈಲಿ ವರ್ಷ ವರ್ಷ ಅದೇ ಹೂಜಿಯ ಚಿತ್ರ ಬರೆಸಿ ಬೇಸತ್ತು, ಬರೆಸುವುದಕ್ಕಿಂತ ಮಾಡುವುದೇ ಮೇಲು ಎಂದು ಒಂದು ದಿನ ರಾಜೀನಾಮೆ ಕೊಟ್ಟು ಮನೆಗೆ ಬಂದಳು. ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿಯವನು ಬಿಟ್ಟುಹೋದ ತಗಡಿನ ಶೆಡ್ ಖಾಲಿ ಬಿದ್ದಿತ್ತು, ಅದನ್ನು ಹಿಡಿದಳು. ಅದರ ಗೋಡೆಯ ಮೇಲೆ ‘ಇಲ್ಲಿ ಪಂಕ್ಚರ್ ಹಾಕಲಾಗುವುದು’ ಎಂದು ಅವನು ಬರೆಸಿದ್ದು ಹಾಗೇ ಇತ್ತು. ಅಕ್ಕ ಅಳಿಸಲಿಲ್ಲ. ಕಲಾವಿದರ ಬಾಳಿಗೆ ಇದಕ್ಕಿಂತ ಸರಿಯಾದ ಬೋರ್ಡು ಸಿಕ್ಕುವುದಿಲ್ಲ ಎನ್ನುತ್ತಿದ್ದಳು.

ಸ್ವತಂತ್ರ ಕಲಾವಿದೆ ಎಂಬುದು ಕೇಳುವವರ ಕಿವಿಗೆ ಇಂಪು. ಬಾಳುವವರ ಪಾಡು ಬೇರೆ. ಭಟ್ಟಿ ತೆರೆದ ದಿನ ಎಲ್ಲ ಚೆನ್ನಾಗಿ ಬಂದಿದ್ದರೆ ಅಕ್ಕನಷ್ಟು ದೊಡ್ಡವರು ಲೋಕದಲ್ಲೇ ಇಲ್ಲ. ಬೀದಿ ನಾಯಿಗೂ ಬಿಸ್ಕತ್ತು, ಗಂಡನ ಹಳಸಲು ಜೋಕಿಗೂ ನಗು. ಬಿರುಕು ಬಿಟ್ಟಿದ್ದರೆ ಮನೆಯಲ್ಲಿ ಮಾತೇ ಇಲ್ಲ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂದು ಗಾದೆ ಕಟ್ಟಿದವನಿಗೆ ಗ್ಯಾಸ್ ಭಟ್ಟಿ ಗೊತ್ತಿರಲಿಲ್ಲ; ಇದಕ್ಕೆ ದೊಣ್ಣೆಯೂ ಬೇಡ. ಗಂಡನದು ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ. ಸಾಧು ಮನುಷ್ಯ. ಹೆಂಡತಿ ಗೇಟು ತೆಗೆಯುವ ಸದ್ದಿನಿಂದಲೇ ಇವತ್ತು ಅಡುಗೆ ಯಾರ ಪಾಲಿಗೆ ಎಂದು ತಿಳಿದುಕೊಂಡು, ಸದ್ದು ಜೋರಾಗಿದ್ದರೆ ತಾನೇ ಎದ್ದು ಒಲೆ ಹಚ್ಚುತ್ತಿದ್ದ.

ಅಕ್ಕನಿಗೆ ಇದ್ದದ್ದು ಒಂದೇ ಆಸೆ. ಊರಿನ ಒಂದೇ ಒಂದು ಒಳ್ಳೆಯ ಗ್ಯಾಲರಿಯ ದೊಡ್ಡ ಕೋಣೆಯಲ್ಲಿ ತನ್ನ ಕೆಲಸ, ತನ್ನದೊಂದೇ, ನಾಲ್ಕು ಗೋಡೆಗೂ ಇರಬೇಕು. ಆ ಗ್ಯಾಲರಿಯ ಯಜಮಾನ ಬಿರುಬೇಸಿಗೆಯಲ್ಲೂ ಹೆಗಲಿನಿಂದ ಶಾಲು ಇಳಿಸುತ್ತಿರಲಿಲ್ಲ, ಆದ್ದರಿಂದ ಕಲಾವಿದರ ನಡುವೆ ಅವನ ಹೆಸರೇ ಶಾಲು. ಆಗೊಮ್ಮೆ ಈಗೊಮ್ಮೆ ಶೆಡ್ಡಿಗೆ ಬರುತ್ತಿದ್ದ. ಅಕ್ಕನ ಹೂಜಿಯನ್ನು ಕೈಗೆತ್ತಿಕೊಂಡು, ತಿರುವಿ ಬುಡ ನೋಡಿ, “ಅಚ್ಚುಕಟ್ಟಾಗಿದೆ” ಎಂದು ಕೆಳಗಿಟ್ಟು ಹೋಗುತ್ತಿದ್ದ. ಅಚ್ಚುಕಟ್ಟಂತೆ! ಹಾಡು ಹೇಗಿತ್ತು ಎಂದರೆ ಮೈಕು ಚೆನ್ನಾಗಿತ್ತು ಎಂದ ಹಾಗೆ. ಅಕ್ಕ ನಗುತ್ತಲೇ ಅವನನ್ನು ಬಾಗಿಲವರೆಗೆ ಕಳಿಸಿ, ಹಿಂದಿರುಗಿ ಬಂದು ಆ ಹೂಜಿಯನ್ನು ಒಡೆದುಹಾಕಬೇಕೆಂದು ಎತ್ತಿಕೊಂಡು, ಮನಸ್ಸು ಬಾರದೆ ಮತ್ತೆ ಅಲ್ಲೇ ಇಡುತ್ತಿದ್ದಳು.

ಹೀಗೆ ಬಾಳು ಸಾಗುತ್ತಿದ್ದಾಗ ತಂಗಿ ಬಂದಳು. ಅವಳು ವಿಮಾ ಕಚೇರಿಯಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದವಳು. ಏನು ಮಾಡಿದರೂ ನಿದ್ದೆ ಬಾರದ ಕಾಯಿಲೆ ಹತ್ತಿಕೊಂಡು, ಉದ್ದ ರಜೆ ಹಾಕಿದ್ದಳು. ಡಾಕ್ಟರು ಗುಳಿಗೆಯ ಜೊತೆಗೆ, ಕೈಗೇನಾದರೂ ಕೆಲಸ ಕೊಡಿ, ಹೆಣಿಗೆಯೋ ತೋಟವೋ ಏನಾದರೂ ಎಂದರು. ತಂಗಿ ಹೆಣಿಗೆಯನ್ನೂ ಬಿಟ್ಟು ತೋಟವನ್ನೂ ಬಿಟ್ಟು ನೇರ ಶೆಡ್ಡಿಗೆ ಬಂದು, “ಅಕ್ಕಾ, ನಂಗೂ ಒಂಚೂರು ಮಣ್ಣು ಕೊಡೇ” ಎಂದಳು.

ಅಕ್ಕ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವಳಾಗಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ತಂಗಿಯ ಎರಡು ಕೈಗಳ ಮೇಲೆ ತನ್ನ ಕೈಯಿಟ್ಟು ಮಣ್ಣನ್ನು ತಿಗರಿಯ ನಡುವಿಗೆ ತರುವುದನ್ನು ಕಲಿಸಿದಳು. ತಂಗಿಯ ಮೊದಲ ಲೋಟ ಒಂದು ಕಡೆ ವಾಲಿಕೊಂಡು ಕುಡುಕನಂತೆ ನಿಂತಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಆ ದಿನ ಮಧ್ಯಾಹ್ನ ಮನೆಗೆ ಹೋದ ತಂಗಿ ಗುಳಿಗೆ ಇಲ್ಲದೆ ನಿದ್ದೆ ಮಾಡಿದಳಂತೆ. ಅಮ್ಮ ಫೋನು ಮಾಡಿ, “ನೀನು ಪುಣ್ಯ ಕಟ್ಕೊಂಡೆ ಕಣೇ” ಎಂದಳು. ಅಕ್ಕನಿಗೂ ಹಾಗೇ ಅನ್ನಿಸಿತ್ತು.

ಆ ಪುಣ್ಯ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಹೊಸ ಮನೆಗೆ ಏನಾದರೂ ಕೊಳ್ಳಲು ಶೆಡ್ಡಿಗೆ ಬಂದರು. ಅಕ್ಕನ ಲೋಟಗಳ ಸಾಲನ್ನು ನೋಡಿದರು, ಮುಂದೆ ಸರಿದರು, ಮೂಲೆಯಲ್ಲಿ ಪೆನ್ನು ಸಿಕ್ಕಿಸಲು ಇಟ್ಟಿದ್ದ ತಂಗಿಯ ವಾಲಿದ ಲೋಟವನ್ನು ಎತ್ತಿಕೊಂಡರು.

“ಅಯ್ಯೋ, ಎಷ್ಟು ಮುದ್ದಾಗಿದೆ! ಕೈಯಲ್ಲಿ ಮಾಡಿದ್ದು ಅಂತ ನೋಡಿದ್ರೇ ಗೊತ್ತಾಗುತ್ತೆ” ಎಂದಳು ಹೆಂಡತಿ.

“ಇಲ್ಲಿರೋದೆಲ್ಲಾ ಕೈಯಲ್ಲೇ ಮಾಡಿದ್ದು” ಎಂದಳು ಅಕ್ಕ.

“ಹೌದಾ? ಅವೆಲ್ಲಾ ಅಂಗಡೀಲಿ ಸಿಗೋ ಥರಾನೇ ಇದೆ.”

ಅಂಚು ಅಲುಗದ ಹಾಗೆ ಕೈ ಪಳಗಿಸಲು ಅಕ್ಕನಿಗೆ ಹಿಡಿದದ್ದು ಅರ್ಧ ಆಯಸ್ಸು. ಆ ಅಲುಗಾಟಕ್ಕೇ ಈಗ ಬೆಲೆ. ಪೆನ್ನುಗಳನ್ನು ಮೇಜಿನ ಮೇಲೆ ಸುರಿದು, ಲೋಟವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಳು. ಸಂಜೆ ತಂಗಿ ವಿಷಯ ಕೇಳಿ ಕುಣಿದಾಡಿದಾಗ ಅಕ್ಕನೂ ನಕ್ಕಳು. ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಅಲ್ಲಿಂದ ಎಲ್ಲದರಲ್ಲೂ ಅವಳಿಗೆ ಮುಳ್ಳು ಕಾಣತೊಡಗಿತು. ತಂಗಿ ವಾರಕ್ಕೆರಡು ದಿನ ಬರುತ್ತಾಳೆ, ಬೇಕಾದಾಗ ಬರುತ್ತಾಳೆ, ಮಾರಾಟವಾದರೂ ಸರಿ ಇಲ್ಲದಿದ್ದರೂ ಸರಿ. ಅವಳಿಗಿದು ಔಷಧಿ, ತನಗಿದು ಊಟ. ಔಷಧಿ ಕುಡಿಯುವವಳಿಗೆ ಹೊಗಳಿಕೆ, ಊಟ ಮಾಡುವವಳಿಗೆ ಅಚ್ಚುಕಟ್ಟು. ಅಮ್ಮನ ಮನೆಗೆ ಹೋದರೆ ಅಲ್ಲೂ ಅದೇ. ತಂಗಿಯ ಒಂದು ಚಿಕ್ಕ ಬಟ್ಟಲು ಹಜಾರದ ಗಾಜಿನ ಬೀರುವಿನಲ್ಲಿ ಕುಳಿತಿತ್ತು. ತಾನು ಹಿಂದೊಮ್ಮೆ ಕೊಟ್ಟ ಲೋಟ ಎಲ್ಲಿ ಎಂದು ಕಣ್ಣಾಡಿಸಿದರೆ, ಬಚ್ಚಲುಮನೆಯಲ್ಲಿ ಹಲ್ಲುಜ್ಜುವ ಬ್ರಶ್ಶುಗಳನ್ನು ಹೊತ್ತು ನಿಂತಿತ್ತು.

“ನಿಂದು ಗಟ್ಟಿ ಇದೆಯಲ್ಲೇ, ಅದಕ್ಕೆ ದಿನಾ ಬಳಸೋದು. ಅವಳದು ಒಡೆದೋಗುತ್ತೆ ಅಂತ ಎತ್ತಿಟ್ಟಿದ್ದೀನಿ” ಎಂದಳು ಅಮ್ಮ.

ಅಮ್ಮನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅಕ್ಕನಿಗೆ ಚಿಕ್ಕಂದಿನಿಂದ ಕೇಳಿದ್ದೇ ಈ ಮಾತು. ನೀನು ಗಟ್ಟಿ, ಅವಳು ಒಡೆದುಹೋಗುತ್ತಾಳೆ. ಗಟ್ಟಿಯಾಗಿರುವವರ ಪಾಲಿಗೆ ಬಚ್ಚಲುಮನೆ.

ಈಗ ಭಟ್ಟಿಯ ವಿಷಯಕ್ಕೆ ಬರಬೇಕು. ಅಕ್ಕನ ಭಟ್ಟಿ ಇಟ್ಟಿಗೆಯದು, ಆಳೆತ್ತರ. ಒಳಗೆ ಬೆಂಕಿ ತಡೆಯುವ ಸುಟ್ಟ ಮಣ್ಣಿನ ಹಲಗೆಗಳ ಮೇಲೆ ಪಾತ್ರೆಗಳನ್ನು ಜೋಡಿಸಿ, ಬಾಗಿಲಿಗೂ ಇಟ್ಟಿಗೆ ಕಟ್ಟಿ ಉರಿ ಕೊಡಬೇಕು. ಜೋಡಿಸುವುದು ಅಕ್ಕನದೇ ಕೆಲಸ, ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ನಡುವಿನ ಹಲಗೆ ಒಳ್ಳೆಯ ಜಾಗ. ಕೆಳಗೆ, ಹಿಂದೆ, ಹೊಗೆಗಂಡಿಯ ಪಕ್ಕದ ಮೂಲೆ ಮಾತ್ರ ಕೆಟ್ಟದ್ದು. ಅಲ್ಲಿ ಉರಿಗೆ ಗಾಳಿ ಸಾಲದೆ, ಇಟ್ಟದ್ದೆಲ್ಲ ಕೆಸರು ಬಣ್ಣವಾಗಿ ಬರುತ್ತಿತ್ತು. ಆ ಮೂಲೆಗೆ ಅಕ್ಕ ಇಟ್ಟ ಹೆಸರು ಅತ್ತೆಮನೆ. ಹೋಗುವಾಗ ಮಿರಮಿರ ಮಿಂಚುತ್ತ ಹೋದದ್ದು ಬರುವಾಗ ಕಪ್ಪಿಟ್ಟು ಬರುತ್ತದೆ ಎಂದು. ಅಲ್ಲಿ ಅವಳು ಒಡಕು ಹಲಗೆಗಳನ್ನಷ್ಟೇ ಇಡುತ್ತಿದ್ದಳು.

ಆ ದಿನ ತಂಗಿ ತನ್ನ ಬಟ್ಟಲುಗಳಿಗೆ ಹಸಿರು ಗ್ಲೇಜು ಹಾಕುತ್ತಿದ್ದಳು. ತಾಮ್ರ ಬೆರೆಸಿದ, ಗಂಜಿಯಂಥ ನೀರು ಅದು. ಒಂದು ಸಲ ಅದ್ದಿ ತೆಗೆದರೆ ಸಾಕು, ಬೆಂಕಿಯಲ್ಲಿ ಕರಗಿ ಹಸಿರು ಗಾಜಿನ ಪದರವಾಗುತ್ತದೆ. ಎರಡು ಸಲ ಅದ್ದಿದರೆ ದಪ್ಪವಾಗಿ ಹರಿದು ಹಲಗೆಗೆ ಅಂಟಿಕೊಳ್ಳುತ್ತದೆ. ತಂಗಿ ಎಲ್ಲ ಬಟ್ಟಲನ್ನೂ ಅದ್ದಿ ಮುಗಿಸಿದ್ದಳು, ಅಷ್ಟರಲ್ಲಿ ಅಮ್ಮನ ಫೋನು ಬಂತು. ಹೊರಗೆ ಹೋಗಿ ಗಂಟೆಗಟ್ಟಲೆ ಮಾತಾಡಿ ನಗುನಗುತ್ತ ಒಳಗೆ ಬಂದವಳು, ಒಣಗಿ ಬೆಳ್ಳಗಾಗಿದ್ದ ಬಟ್ಟಲುಗಳನ್ನು ಇನ್ನೂ ಅದ್ದಿಲ್ಲವೆಂದುಕೊಂಡು ಒಂದೊಂದಾಗಿ ಮತ್ತೆ ಅದ್ದತೊಡಗಿದಳು.

ತಿಗರಿಯ ಮುಂದೆ ಕುಳಿತಿದ್ದ ಅಕ್ಕ ನೋಡಿದಳು. ಬಾಯಿ ತೆರೆದಳು. ‘ಏಯ್, ಆಗಲೇ ಅದ್ದಿದ್ದೀಯಲ್ಲೇ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟು ಹೊತ್ತು ಅಮ್ಮನ ಜೊತೆ ಏನು ಮಾತಾಡಿ ನಕ್ಕರೋ! ಅಮ್ಮ ತನಗೆ ಫೋನು ಮಾಡಿದರೆ ಎರಡೇ ಮಾತು, ಗ್ಯಾಸ್ ಬಂತಾ, ಮಂಡಿ ನೋವು ಹೇಗಿದೆ. ಅಕ್ಕ ಬಾಯಿ ಮುಚ್ಚಿಕೊಂಡಳು.

ತಂಗಿ ಹೋದ ಮೇಲೆ ಭಟ್ಟಿ ತುಂಬಲು ಕುಳಿತಾಗ, ಒಡಕು ಹಲಗೆಗಳನ್ನು ಹೊರಗೆಳೆದು, ಅವುಗಳ ಜಾಗದಲ್ಲಿ ತಂಗಿಯ ಬಟ್ಟಲುಗಳನ್ನಿಟ್ಟಳು. ಅತ್ತೆಮನೆಗೆ ಕಳಿಸಿದಳು. ಹೇಗಿದ್ದರೂ ಅಂಟಿಕೊಂಡು ಹಾಳಾಗುವವು, ಒಳ್ಳೆಯ ಜಾಗ ಏಕೆ ದಂಡ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಮನಸ್ಸು ಹೇಳುತ್ತಿದ್ದದ್ದು ಬೇರೆ, ಅದು ಅವಳಿಗೂ ಕೇಳುತ್ತಿತ್ತು. ಹಾಳಾಗಲಿ, ಒಂದು ಸಲವಾದರೂ ಇವಳದು ಹಾಳಾಗಲಿ.

ಭಟ್ಟಿ ಆರಿದ ಮೇಲೆ, ತಂಗಿ ಬರುವುದಕ್ಕೆ ಮುಂಚೆಯೇ ಅಕ್ಕ ಇಟ್ಟಿಗೆ ಬಿಚ್ಚಿದಳು. ಮೂಲೆಗೆ ಕೈ ಹಾಕಿದಳು. ಹೊರಗೆ ತಂದ ಮೊದಲ ಬಟ್ಟಲೇ ಕೆಂಪಗಿತ್ತು. ಬಣ್ಣ ಬಳಿದ ಕೆಂಪಲ್ಲ. ಅಂಚಿನಲ್ಲಿ ತಿಳಿಯಾಗಿ, ಇಳಿಯುತ್ತ ಇಳಿಯುತ್ತ ಗಾಢವಾಗಿ, ತಳದಲ್ಲಿ ರಕ್ತದಷ್ಟು ಆಳವಾದ ಕೆಂಪು, ನಡುನಡುವೆ ಒಂದೊಂದು ಹಸಿರು ಎಳೆ. ಗ್ಲೇಜು ಹರಿದಿತ್ತು, ಬುಡಕ್ಕಿಂತ ಕೂದಲೆಳೆಯಷ್ಟು ಮೇಲೆ ಬಂದು ನಿಂತಿತ್ತು. ಗಾಳಿ ಸಾಲದ ಬೆಂಕಿ ತಾಮ್ರವನ್ನು ಕೆಂಪು ಮಾಡುತ್ತದೆ ಎಂದು ಅಕ್ಕ ಓದಿದ್ದಳು, ಎಷ್ಟೋ ಸಲ ಪ್ರಯತ್ನಪಟ್ಟು ಕೆಸರನ್ನೇ ಕಂಡು ಕೈಬಿಟ್ಟಿದ್ದಳು. ಗ್ಲೇಜು ದಪ್ಪವಿರಬೇಕಿತ್ತು, ಅಷ್ಟೇ. ಎರಡು ಕೆಟ್ಟದ್ದು ಸೇರಿ ಒಂದು ಒಳ್ಳೆಯದಾಗಿ ಬಿಟ್ಟಿತ್ತು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ತಂಗಿ ಬಂದು ಮೇಜಿನ ಮೇಲಿದ್ದ ಬಟ್ಟಲು ನೋಡಿ ಕಿರುಚಿದಳು. “ಇದು ನಂದಾ? ಅಕ್ಕಾ, ನಿಜ ಹೇಳು, ನಂದಾ? ಎಲ್ಲಿಟ್ಟಿದ್ದೆ?”

“ನಡು ಹಲಗೆ” ಎಂದಳು ಅಕ್ಕ. “ಒಳ್ಳೇ ಜಾಗಾನೇ ಕೊಟ್ಟಿದ್ದೆ.”

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಶಾಲು ಆ ವಾರವೇ ಬಂದ. ಬಟ್ಟಲನ್ನು ಎತ್ತಿಕೊಂಡ, ಬುಡ ನೋಡುವುದನ್ನೂ ಮರೆತ. ಕಿಟಕಿಯ ಬೆಳಕಿಗೆ ಹಿಡಿದು, “ಇದರಲ್ಲಿ ಜೀವ ಇದೆ” ಎಂದ. ಹೆಗಲಿನಿಂದ ಜಾರಿದ ಶಾಲನ್ನು ಎತ್ತಿಕೊಳ್ಳಲೂ ಇಲ್ಲ. ಆಮೇಲೆ ತಂಗಿಯ ಕಡೆ ತಿರುಗಿ, ದೊಡ್ಡ ಕೋಣೆಯ ಒಂದು ಗೋಡೆಯಲ್ಲ, ನಾಲ್ಕೂ ಗೋಡೆ, ಇಂಥವೇ ಬಟ್ಟಲುಗಳಿಂದ ತುಂಬಿಸಿಕೊಡಿ ಎಂದ. ಅಕ್ಕ ಪಕ್ಕದಲ್ಲಿ ನಿಂತು ಒದ್ದೆ ಸ್ಪಂಜು ಹಿಂಡುತ್ತಿದ್ದಳು. ನೀರೆಲ್ಲ ಮುಗಿದ ಮೇಲೂ ಹಿಂಡುತ್ತಲೇ ಇದ್ದಳು.

ಹೊರಡುವಾಗ ಅವನು ಅಕ್ಕನಿಗೂ ಒಂದು ಮಾತು ಹೇಳಿದ. “ನಿಮ್ಮ ಭಟ್ಟಿ ಚೆನ್ನಾಗಿದೆ.”

ಇಷ್ಟಾದ ಮೇಲೆ ಅಕ್ಕ ಬಹಳ ಒಳ್ಳೆಯವಳಾಗಿಬಿಟ್ಟಳು. ತಂಗಿ ಹೊಸ ಬಟ್ಟಲುಗಳನ್ನು ಮಾಡಿ, ಅಕ್ಕ ಹಿಂದೆ ಹೇಳಿಕೊಟ್ಟಂತೆ ನಿಷ್ಠೆಯಿಂದ ಒಂದೇ ಸಲ ಅದ್ದಿ, ಹಲಗೆಯ ಮೇಲೆ ಹೊತ್ತು ತಂದಳು. ಅಕ್ಕ ತನ್ನ ಸ್ವಂತ ಹೂಜಿಗಳನ್ನು ಪಕ್ಕಕ್ಕೆ ಸರಿಸಿ, ನಡು ಹಲಗೆಯ ಅತ್ಯುತ್ತಮ ಜಾಗವನ್ನೇ ತಂಗಿಗೆ ಬಿಟ್ಟುಕೊಟ್ಟಳು. ಎಲ್ಲವೂ ಹಸಿರಾಗಿ ಬಂದವು. ಚೆಂದದ ಹಸಿರು, ಹಲ್ಲುಜ್ಜುವ ಬ್ರಶ್ಶು ಇಡಲು ಹೇಳಿ ಮಾಡಿಸಿದಂಥ ಹಸಿರು. ಎರಡನೆಯ ಸಲವೂ ಅದೇ. ತಂಗಿ ಗ್ಲೇಜನ್ನು ಜರಡಿ ಹಿಡಿದಳು, ಮಣ್ಣು ಬದಲಿಸಿದಳು, ಆ ದಿನ ತಾನು ಉಟ್ಟಿದ್ದ ಸೀರೆಯನ್ನೇ ಉಟ್ಟುಕೊಂಡು ಬಂದಳು. ಅಕ್ಕ “ಇನ್ನೂ ಮೇಲೆ ಇಟ್ಟು ನೋಡೋಣ್ವಾ?” ಎಂದು ಇನ್ನಷ್ಟು ಒಳ್ಳೆಯ ಜಾಗ ತೋರಿಸಿದಳು. ಮಾತಿನಲ್ಲಿ ಬೆಲ್ಲವೋ ಬೆಲ್ಲ. ಬೀದಿಯವರು, ತಂಗಿಗಾಗಿ ಎಷ್ಟು ಒದ್ದಾಡುತ್ತಾಳೆ ನೋಡಿ, ಅಕ್ಕ ಅಂದ್ರೆ ಹೀಗಿರಬೇಕು ಎಂದರು. ಅಮ್ಮನೂ ಅಂದಳು. ಹೊಗಳಿಕೆ ಬರುವುದು ಬಂತು, ಇಂಥದ್ದಕ್ಕೆ ಬಂತು.

ಆ ನಡುವೆ ತಂಗಿ ಒಂದು ವಾರ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿ ಉಳಿದಳು. ಅಕ್ಕ ಶೆಡ್ಡಿನ ಬಾಗಿಲು ಹಾಕಿಕೊಂಡು ತಾನೇ ಬಟ್ಟಲು ಎತ್ತಿದಳು. ತಂಗಿಯ ದಪ್ಪ ಗೋಡೆಯ ಬಟ್ಟಲಲ್ಲ. ತೆಳ್ಳಗೆ, ಅಂಗೈಯಲ್ಲಿಟ್ಟರೆ ತೂಕವೇ ತಿಳಿಯದ ಹಾಗೆ. ಎರಡು ಸಲ ಅದ್ದಿದಳು. ಅತ್ತೆಮನೆಯಲ್ಲಿಟ್ಟಳು. ತೆರೆದಾಗ ಒಂದೆರಡು ಕೆಸರಾಗಿದ್ದವು, ಒಂದು ಮಾತ್ರ ಅವಳು ಇಷ್ಟು ವರ್ಷದಲ್ಲಿ ಕನಸಿನಲ್ಲೂ ಕಾಣದ ಕೆಂಪಾಗಿ ಬಂದಿತ್ತು. ಅದರ ಮುಂದೆ ತಂಗಿಯದು ಏನೂ ಅಲ್ಲ. ಅಕ್ಕನಿಗೆ ಅಳು ಬಂತು. ಮೂಗು ಒರೆಸಿಕೊಂಡು, ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಓಡುನಡಿಗೆಯಲ್ಲಿ ಗಂಡನ ಅಂಗಡಿಗೇ ಹೋದಳು. ಗೇಟಿನ ಸದ್ದಿನವರೆಗೂ ಕಾಯಲು ಅವಳಿಂದಾಗಲಿಲ್ಲ.

“ರೀ, ಇಲ್ನೋಡಿ.”

ಗಂಡ ಕನ್ನಡಕ ಸರಿಮಾಡಿಕೊಂಡು ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಅರಳಿತು. “ಆಹಾ! ತುಂಬಾ ಚೆನ್ನಾಗಿದೆ ಕಣೆ. ಕೊನೆಗೂ ಬಂತಲ್ಲ ನಿನ್ನ ತಂಗೀಗೆ!”

ಅಕ್ಕ ಬಟ್ಟಲನ್ನು ಅವನ ಕೈಯಿಂದ ತೆಗೆದುಕೊಂಡಳು. ತನ್ನದೆಂದು ಹೇಳಲಿಲ್ಲ. ಹೇಳಿ ಏನು? ಇಪ್ಪತ್ತು ವರ್ಷ ಜೊತೆಗೆ ಬಾಳಿದವನಿಗೇ ಕೆಂಪು ಎಂದರೆ ತಂಗಿ. ಇನ್ನು ಶಾಲುವಿಗೆ ತೋರಿಸಿದರೆ, ಪಾಪ, ತಂಗಿಯನ್ನು ನೋಡಿ ಅಕ್ಕನೂ ಕಲಿತಳು ಎನ್ನುತ್ತಾನೆ. ಗುಟ್ಟು ತನ್ನದು, ಕೈ ತನ್ನದು, ಭಟ್ಟಿ ತನ್ನದು, ಹೆಸರು ಮಾತ್ರ ಆಗಲೇ ಬೇರೆಯವರದಾಗಿತ್ತು. ಬಟ್ಟಲನ್ನು ಶೆಡ್ಡಿನಲ್ಲಿ ಮಣ್ಣಿನ ಚೀಲಗಳ ಹಿಂದೆ ಇಟ್ಟಳು. ಅದರ ಮೇಲೆ ಹಳೆಯ ಗೋಣಿ ಹೊದಿಸಿದಳು.

ತಂಗಿ ಆಸ್ಪತ್ರೆಯಿಂದ ಬಂದವಳು ಮತ್ತೊಂದು ಹಲಗೆ ತುಂಬ ಬಟ್ಟಲು ಅದ್ದಿಟ್ಟು, ಸ್ಟೂಲಿನ ಮೇಲೆ ಕುಸಿದು ಕುಳಿತಳು. ಕಣ್ಣಿನ ಸುತ್ತ ಹಳೆಯ ಕಪ್ಪು ಮತ್ತೆ ಬಂದಿತ್ತು.

“ಮತ್ತೆ ನಿದ್ದೆ ಹೋಗಿದೆ ಅಕ್ಕಾ. ಇದೇ ಕೊನೆ. ಇದೂ ಹಸಿರು ಬಂದ್ರೆ ಶಾಲುಗೆ ಆಗಲ್ಲ ಅಂತ ಹೇಳಿಬಿಡ್ತೀನಿ. ಮಣ್ಣೂ ಬೇಡ, ಏನೂ ಬೇಡ. ಆಫೀಸಿನವರು ವಾಪಸ್ ಬಾ ಅಂತಿದ್ದಾರೆ.”

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಆಯಿತು. ಶೆಡ್ ಮತ್ತೆ ತನ್ನದು, ಅಮ್ಮನ ಬೀರುವಿನಲ್ಲಿ ಹೊಸ ಬಟ್ಟಲಿಲ್ಲ, ದೊಡ್ಡ ಕೋಣೆ ಖಾಲಿ. ಇನ್ನೊಂದು ಸಲ ಬಾಯಿ ಮುಚ್ಚಿಕೊಂಡು ನಡು ಹಲಗೆ ತೋರಿಸಿದರೆ ಸಾಕು.

ತಂಗಿ ನಿಟ್ಟುಸಿರು ಬಿಟ್ಟಳು. “ಬಿಡು. ಅದ್ರಲ್ಲಿ ನಂದೇನಿತ್ತು, ನಿಂದೇನಿತ್ತು? ಅದೃಷ್ಟ. ಒಂದ್ಸಲ ಬಂತು, ಹೋಯ್ತು.”

“ಅದೃಷ್ಟ ಅಲ್ಲ!”

ಅಕ್ಕನ ದನಿ ಶೆಡ್ಡಿನ ತಗಡಿಗೆ ಬಡಿದು ತಿರುಗಿ ಬಂತು. ತಂಗಿಗೆ ಹೊಗಳಿಕೆ ಹೋದದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಅದೃಷ್ಟಕ್ಕೆ ಹೋದರೆ ನುಂಗುವುದು ಹೇಗೆ? ಆ ಮೂಲೆಯ ಹೊಗೆಯನ್ನು ತಿಳಿಯಲು ತಾನು ಎಷ್ಟು ಪಾತ್ರೆ ಹಾಳುಮಾಡಿಕೊಂಡಿದ್ದೇನೆ! ಅದೆಲ್ಲ ಅದೃಷ್ಟವಾದರೆ ತಾನು ಇಲ್ಲಿ ಇಷ್ಟು ವರ್ಷ ಮಾಡಿದ್ದೇನು, ಪಂಕ್ಚರ್ ಹಾಕಿದ್ದೇ?

“ನಡು ಹಲಗೆ ಅಲ್ಲ. ಅವತ್ತು ನಿನ್ನ ಬಟ್ಟಲು ಅತ್ತೆಮನೆಯಲ್ಲಿಟ್ಟಿದ್ದೆ.”

“ಆ ಮೂಲೇಲಾ? ಯಾಕೆ?”

“ಹಾಳಾಗ್ಲಿ ಅಂತ.”

ಹೇಳಿಬಿಟ್ಟಳು. ಮುಂದಿನದಕ್ಕೆ ಮೈ ಬಿಗಿಹಿಡಿದು ನಿಂತಳು, ಜಗಳಕ್ಕೆ, ಅಳುವಿಗೆ, ಅಮ್ಮನ ಫೋನಿಗೆ. ತಂಗಿ ಒಂದು ಗಳಿಗೆ ಕಣ್ಣು ಪಿಳಿಪಿಳಿ ಮಾಡಿ, ಆಮೇಲೆ ಗೊಳ್ಳನೆ ನಕ್ಕಳು.

“ಅಷ್ಟೇನಾ? ಅಯ್ಯೋ ಪುಣ್ಯಾತ್ಗಿತ್ತಿ, ಮೊದ್ಲೇ ಹೇಳಬಾರ್ದಾ! ನಾನು ಏನು ತಪ್ಪು ಮಾಡ್ತಿದ್ದೀನೋ ಅಂತ ತಲೆ ಕೆಡಿಸ್ಕೊಂಡು ಸಾಯ್ತಿದ್ದೆ. ಚಿಕ್ಕವರಿದ್ದಾಗ ನನ್ನ ಗೊಂಬೆ ಬಾವಿಗೆ ಹಾಕಿದ್ಯಲ್ಲ, ನಿನ್ನ ಬುದ್ಧಿ ನಂಗೊತ್ತಿಲ್ವಾ?” ಎದ್ದು ಸೆರಗು ಸಿಕ್ಕಿಸಿಕೊಂಡಳು. “ಏಳು, ಇವತ್ತೂ ಅಲ್ಲೇ ಇಡು. ಅದೇ ಮನಸ್ಸಲ್ಲಿ ಇಡು ಬೇಕಾದ್ರೆ, ಹಾಳಾಗ್ಲಿ ಅಂತ್ಲೇ!”

ತಾನು ಇಷ್ಟು ದಿನ ಹೊತ್ತು ಬೆಂದದ್ದು ಇವಳಿಗೆ ಒಂದು ತಮಾಷೆ. ಜಗಳವಾಡುವುದಕ್ಕೂ ತನ್ನನ್ನು ಸಮಾನಳೆಂದು ಎಣಿಸಲಿಲ್ಲವಲ್ಲ! ಅಕ್ಕನಿಗೆ ಈಗ ತಂಗಿಯ ಬಟ್ಟಲಿನ ಮೇಲಲ್ಲ, ಆ ನಗುವಿನ ಮೇಲೆ ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಿಲ್ಲದೆ ಬದುಕುವುದು ಎಂದರೆ ಎಷ್ಟು ಆರಾಮವಿರಬೇಕು!

ಬಗ್ಗಿ ಭಟ್ಟಿಯೊಳಗೆ ಹೊಕ್ಕು ಬಟ್ಟಲುಗಳನ್ನು ಮೂಲೆಯಲ್ಲಿ ಜೋಡಿಸತೊಡಗಿದಳು. ಹಾಳಾಗಲಿ ಎಂದುಕೊಳ್ಳಲು ಪ್ರಯತ್ನವೇ ಬೇಕಾಗಲಿಲ್ಲ. ಒಂದರ ಅಂಚಿಗೆ ಉಗುರು ತಾಗಿತು. ಗ್ಲೇಜು ತೆಳ್ಳಗಿತ್ತು. ಒಂದೇ ಸಲ ಅದ್ದಿದ್ದು, ಖಂಡಿತ ಕೆಸರಾಗುತ್ತದೆ. ಈ ಸಲ ಸುಳ್ಳು ಹೇಳುವುದೂ ಬೇಡ. ಸತ್ಯ ಹೇಳಿದವಳೆಂಬ ಹೆಸರು ಆಗಲೇ ಬಂದಾಗಿದೆ.

“ಏನಕ್ಕಾ, ಬೆನ್ನು ಹಿಡ್ಕೊಂತಾ?” ಎಂದಳು ಹೊರಗಿನಿಂದ ತಂಗಿ.

ಅಕ್ಕ ಹೊರಗೆ ಬಂದಳು. ಕೈಯಲ್ಲಿ ಬಟ್ಟಲಿತ್ತು. ಈ ಬಟ್ಟಲು ಕೆಸರಾದರೆ ತಂಗಿ ಮತ್ತೆ ಅದೃಷ್ಟ ಎನ್ನುತ್ತಾಳೆ, ಆ ಮಾತನ್ನು ಇನ್ನೊಂದು ಸಲ ಕೇಳಲು ಅವಳಿಂದಾಗದು.

“ಎಲ್ಲಾನೂ ಇನ್ನೊಂದ್ಸಲ ಅದ್ದು. ಅವತ್ತು ನೀನು ಎರಡು ಸಲ ಅದ್ದಿದ್ದೆ. ಫೋನು ಬಂತಲ್ಲ, ಆಗ್ಲೇ ಅದ್ದಿದ್ದನ್ನ ನೀನು ಮರ್ತುಬಿಟ್ಟಿದ್ದೆ.”

“ನಿಂಗೆ ಹೇಗೆ ಗೊತ್ತು?”

“ನೋಡ್ತಾ ಕೂತಿದ್ದೆ.”

ಈ ಸಲ ತಂಗಿ ನಗಲಿಲ್ಲ. “ತಪ್ಪು ಮಾಡ್ತಿದ್ದೀನಿ ಅಂತ ಗೊತ್ತಿದ್ದೂ ಸುಮ್ನೆ ಕೂತಿದ್ಯಾ? ಮೂಲೇಲಿಟ್ಟಿದ್ದು ಬಿಡು. ನಾನು ನಿನ್ನ ಹತ್ರ ಕಲಿಯೋಕೆ ಬಂದೋಳು ಅಕ್ಕಾ.”

ಅಕ್ಕ ಕೈಯಲ್ಲಿದ್ದ ಬಟ್ಟಲನ್ನು ಮೇಜಿನ ಮೇಲಿಟ್ಟಳು.

“ಈಗ ಹೇಳ್ತಿರೋದನ್ನ ಮಾತ್ರ ನಾನು ಯಾಕೆ ನಂಬಬೇಕು? ಎರಡು ಸಲ ಅದ್ದಿ, ಇನ್ನಷ್ಟು ಹಾಳಾಗ್ಲಿ ಅಂತಾನಾ?”

ಅಕ್ಕ ಮಣ್ಣಿನ ಚೀಲಗಳ ಹಿಂದೆ ಹೋಗಿ, ಗೋಣಿ ಸರಿಸಿ, ಬಟ್ಟಲನ್ನು ತಂದು ಮೇಜಿನ ಮೇಲಿಟ್ಟಳು. “ಎರಡು ಸಲ ಅದ್ದಿದ್ದು. ಅದೇ ಮೂಲೆ. ನಾನು ಮಾಡಿದ್ದು.”

ತಂಗಿ ಬಟ್ಟಲನ್ನು ಎತ್ತಿಕೊಂಡಳು. ಅದರ ಹಗುರಕ್ಕೆ ಇನ್ನೊಂದು ಕೈಯನ್ನೂ ಕೊಟ್ಟಳು. ಅಂಚಿನ ಸುತ್ತ ಬೆರಳಾಡಿಸಿದಳು, ಎಲ್ಲೂ ಅಲುಗಾಟವಿಲ್ಲ. ಬೆಳಕಿಗೆ ಹಿಡಿದಳು. ತಿರುವಿ ಬುಡ ನೋಡಿದಳು. ಅಲ್ಲಿ ಅಕ್ಕನ ಗುರುತಿನ ಒತ್ತು ಇತ್ತು.

“ನನ್ನದಕ್ಕಿಂತ ಚೆನ್ನಾಗಿದೆ” ಎಂದಳು. “ಶಾಲು ನೋಡಿದ್ನಾ?”

“ಇಲ್ಲ.”

“ಮತ್ಯಾರಿಗೆ ತೋರಿಸ್ದೆ?”

“ನಿಮ್ಮ ಭಾವನಿಗೆ. ನಿಂದು ಅಂದ್ಕೊಂಡ್ರು.”

ಬೇರೆ ದಿನವಾಗಿದ್ದರೆ ತಂಗಿ ಇದಕ್ಕೆ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಬಟ್ಟಲನ್ನು ತನ್ನ ಬಟ್ಟಲುಗಳಿಂದ ದೂರ, ಮೇಜಿನ ಆ ತುದಿಗೆ ಇಟ್ಟಳು. ಇಟ್ಟ ಮೇಲೂ ಬೆರಳಿನಿಂದ ಇನ್ನೊಂದಿಷ್ಟು ಆಚೆಗೆ ತಳ್ಳಿದಳು. ಕಿಟಕಿಯ ಕಡೆ ನೋಡುತ್ತ, “ಅಕ್ಕಾ, ನನ್ನ ಪ್ರದರ್ಶನ ಮುಗಿಯೋವರೆಗೂ ಇದನ್ನ ಹೊರಗೆ ತೆಗೀಬೇಡ. ಯಾರಿಗೂ ತೋರಿಸ್ಬೇಡ. ಆಮೇಲೆ ಬೇಕಾದ್ರೆ ನೋಡ್ಕೋ” ಎಂದಳು.

ಅಕ್ಕ ಅವಳ ಮುಖ ನೋಡಿದಳು. ಬಿಗಿದ ತುಟಿ, ಎದುರಿನವರ ಕಣ್ಣು ತಪ್ಪಿಸಿ ಆಡುವ ಮಾತು. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅದರ ಜೊತೆಯಲ್ಲೇ ಎದ್ದು, ಉಂಡು, ಮಲಗಿದ್ದಳು. ಲೋಕದಲ್ಲಿ ತನಗೊಬ್ಬಳಿಗೇ ಇದೆ ಎಂದುಕೊಂಡಿದ್ದಳು.

“ಆಯ್ತು, ತೆಗೆಯಲ್ಲ” ಎಂದಳು.

ತಂಗಿ ಗ್ಲೇಜಿನ ಬಕೆಟ್ಟನ್ನು ಎಳೆದುಕೊಂಡು, ಬಟ್ಟಲುಗಳನ್ನು ಎರಡನೆಯ ಸಲ ಅದ್ದತೊಡಗಿದಳು. ಸಿಟ್ಟಿನ ಭರಕ್ಕೆ ನೀರು ಸೀರೆಗೆಲ್ಲ ಸಿಡಿಯುತ್ತಿತ್ತು. ಅಕ್ಕ ಪಕ್ಕದಲ್ಲಿ ನಿಂತು ಒಂದೊಂದನ್ನೇ ಅವಳ ಕೈಯಿಂದ ತೆಗೆದುಕೊಂಡು ಹಲಗೆಯ ಮೇಲೆ ಜೋಡಿಸಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ತಂಗಿಯ ಮೇಲೆ ಪ್ರೀತಿ ಉಕ್ಕಿ ಬಂತು.